ಹಾರಾಟ ಮುಕ್ಕಾಲು ಗಂಟೆ, ಪ್ರಯಾಣ ನಾಲ್ಕೂವರೆ ಗಂಟೆ

ಕ್ವಾಲಾಲಂಪುರದಿಂದ ಸಿಂಗಪುರಕ್ಕೆ ವಿಮಾನದಲ್ಲಿ ಎಷ್ಟು ದೂರ ಎಂದು ಮೊಬೈಲ್‌ನಲ್ಲಿ ಹುಡುಕಿದರೆ ಅರೆಕ್ಷಣದಲ್ಲಿ ಉತ್ತರ ಸಿಗುತ್ತದೆ: 296 ಕಿಲೊಮೀಟರ್. ಎಷ್ಟು ಹೊತ್ತು? ಒಂದು ಗಂಟೆ, ಅದರ ಮೇಲೆ ಹತ್ತು ನಿಮಿಷ. ಎರಡು ಉತ್ತರಗಳೂ ಸರಿಯಾಗಿಯೇ ಇವೆ. ಆದರೆ ಇವನ್ನು ನಂಬಿಕೊಂಡು, ಮಧ್ಯಾಹ್ನ ಹನ್ನೆರಡಕ್ಕೆ ಬುಕಿಟ್ ಬಿಂತಾಂಗ್‌ನ ಹೋಟೆಲ್ ಬಿಟ್ಟು ಎರಡೂವರೆಗೆ ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ಊಟಕ್ಕೆ ಕೂರಬಹುದೆಂದು ಲೆಕ್ಕ ಹಾಕಿದವರು ಸಂಜೆಯ ಕಾಫಿ ಹೊತ್ತಿಗೆ ತಲುಪಿದರೆ ಪುಣ್ಯ.

ಇದು ಪ್ರವಾಸಿಗರ ಸಣ್ಣಪುಟ್ಟ ತೊಡಕು ಮಾತ್ರವಲ್ಲ. ಈ ಎರಡು ನಗರಗಳ ನಡುವಿನ ಮಾರ್ಗ ಜಗತ್ತಿನಲ್ಲೇ ಅತಿ ಹೆಚ್ಚು ದಟ್ಟಣೆಯ ಅಂತರರಾಷ್ಟ್ರೀಯ ವಾಯುಮಾರ್ಗಗಳಲ್ಲಿ ಒಂದು. ವಿಮಾನಯಾನದ ಅಂಕಿಅಂಶ ಕಲೆಹಾಕುವ ಒಎಜಿ ಸಂಸ್ಥೆಯ ಪ್ರಕಾರ, 2018ರ ಫೆಬ್ರುವರಿಗೆ ಕೊನೆಗೊಂಡ ಒಂದು ವರ್ಷದಲ್ಲಿ ಇಲ್ಲಿ 30,537 ಹಾರಾಟಗಳು ನಡೆದವು. ಅಂದರೆ ದಿನಕ್ಕೆ 84ರಷ್ಟು. 2023ರಲ್ಲಿ ಸುಮಾರು 49 ಲಕ್ಷ ಆಸನಗಳೊಂದಿಗೆ ಇದೇ ಮಾರ್ಗ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಆಸನಗಳ ಸಂಖ್ಯೆ 53 ಲಕ್ಷ ದಾಟಿದರೂ ಹಾಂಗ್‌ಕಾಂಗ್–ತೈಪೆಯಂಥ ಮಾರ್ಗಗಳು ಇದನ್ನು ಹಿಂದೆ ಹಾಕಿದವು. ಮುನ್ನೂರು ಕಿಲೊಮೀಟರ್‌ ಕೂಡ ಇಲ್ಲದ ದೂರಕ್ಕೆ ಇಷ್ಟೊಂದು ವಿಮಾನಗಳು ಏಕೆ ಹಾರುತ್ತಿವೆ? ಇಷ್ಟು ವಿಮಾನಗಳಿದ್ದೂ ಪ್ರಯಾಣ ಏಕೆ ಚುರುಕಾಗಿಲ್ಲ? ಆಕಾಶವನ್ನಷ್ಟೇ ನೋಡುತ್ತಿದ್ದರೆ ಇದು ಅರ್ಥವಾಗುವುದಿಲ್ಲ. ಆದರೂ ಅಲ್ಲಿಂದಲೇ ಹೊರಡೋಣ.

296 ಕಿಲೊಮೀಟರ್ ಎಂಬುದು ಭೂಮಿಯ ದುಂಡನ್ನು ಲೆಕ್ಕಕ್ಕೆ ತೆಗೆದುಕೊಂಡು ಎರಡು ವಿಮಾನ ನಿಲ್ದಾಣಗಳ ನಡುವೆ ಎಳೆದ ಅತಿ ಚಿಕ್ಕ ಗೆರೆ. ವಿಮಾನಯಾನದವರ ಭಾಷೆಯಲ್ಲಿ 160 ನಾಟಿಕಲ್ ಮೈಲಿ. ಈ ಗೆರೆಯ ಮೇಲೆ ಯಾವ ವಿಮಾನವೂ ಕಟ್ಟುನಿಟ್ಟಾಗಿ ಹಾರುವುದಿಲ್ಲ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ರನ್‌ವೇಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿವೆ. ಕ್ವಾಲಾಲಂಪುರ ಇರುವುದು ವಾಯವ್ಯಕ್ಕೆ. ಅಲ್ಲಿಗೆಂದು ಚಾಂಗಿಯಿಂದ ಹೊರಡುವ ವಿಮಾನ ಗಾಳಿಗೆ ಎದುರಾಗಿ ಮೇಲೇರಬೇಕಾದ್ದರಿಂದ, ಈಶಾನ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಉತ್ತರಕ್ಕೆ ಏರಿ ಎಡಕ್ಕೆ ಹೊರಳುತ್ತದೆ. ನೈರುತ್ಯ ಮಾರುತದ ಕಾಲದಲ್ಲಿ ದಕ್ಷಿಣಕ್ಕೆ, ಅಂದರೆ ಹೋಗಬೇಕಾದ ಊರಿಗೆ ಬೆನ್ನು ಹಾಕಿ ಸಮುದ್ರದ ಕಡೆಗೆ ಏರಿ, ದೊಡ್ಡದೊಂದು ಸುತ್ತು ಹಾಕಿ ಬರಬೇಕಾಗುತ್ತದೆ. ಐದು ಗಂಟೆಯ ಹಾರಾಟದಲ್ಲಿ ಇಂಥ ಸುತ್ತು ಲೆಕ್ಕಕ್ಕೇ ಬಾರದು. ಇಲ್ಲಿ ಅದು ದಾರಿಯ ಒಂದು ದೊಡ್ಡ ಪಾಲು.

ವೇಗದ ಕಥೆ ಇನ್ನೂ ಕುತೂಹಲಕರ. ಜೆಟ್ ವಿಮಾನ ಗಂಟೆಗೆ 800 ಕಿಲೊಮೀಟರ್ ಹಾರುತ್ತದೆ ಎನ್ನುವುದು ನಮ್ಮ ತಲೆಯಲ್ಲಿ ಕೂತ ಅಂಕಿ. ಆ ಲೆಕ್ಕದಲ್ಲಿ ಇದು 22 ನಿಮಿಷದ ದಾರಿ. ಆದರೆ ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗಕ್ಕೆ ಸಾಮಾನ್ಯವಾಗಿ 250 ನಾಟ್‌ಗಳ ಮಿತಿ ಇರುತ್ತದೆ. ಅದು ಗಂಟೆಗೆ ಸುಮಾರು 460 ಕಿಲೊಮೀಟರ್. ಇಳಿಯುವಾಗ ಪೈಲಟ್‌ಗಳು ಬಳಸುವ ಬಾಯಿಲೆಕ್ಕವೊಂದಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ವಿಮಾನ 24 ಸಾವಿರ ಅಡಿಗೆ ಏರಿತ್ತು ಎಂದುಕೊಳ್ಳಿ. ಇಳಿಯುವುದಕ್ಕೇ 72 ನಾಟಿಕಲ್ ಮೈಲಿ, ಸುಮಾರು 133 ಕಿಲೊಮೀಟರ್ ಬೇಕಾಯಿತು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಉಳಿದದ್ದೆಷ್ಟು? ಮೂವತ್ತು, ನಲವತ್ತು ಕಿಲೊಮೀಟರ್. ಅಂದರೆ ಈ ಮಾರ್ಗದಲ್ಲಿ ವಿಮಾನ ಒಂದೇ ಎತ್ತರದಲ್ಲಿ ಮಟ್ಟಸವಾಗಿ, ತನ್ನ ಪೂರ್ಣ ವೇಗದಲ್ಲಿ ಹಾರುವುದು ಎರಡೋ ಮೂರೋ ನಿಮಿಷ. ಸಿಂಗಪುರದಿಂದ ಹೊರಟರೆ, ಮಲೇಷ್ಯಾದ ದಕ್ಷಿಣ ತುದಿಯ ಜೊಹೊರ್‌ ರಾಜ್ಯದ ತಾಳೆ ತೋಟಗಳ ಮೇಲೆ ಏರಿ ಮುಗಿಯುವಷ್ಟರಲ್ಲಿ, ಮೆಲಾಕ ಹತ್ತಿರವಾಗುವ ಮೊದಲೇ ಇಳಿಯುವುದು ಆರಂಭವಾಗಿರುತ್ತದೆ. ನೀರಿನ ಲೋಟ ಕೊಟ್ಟ ಗಗನಸಖಿ ತಿರುಗಿ ಅದನ್ನು ಸಂಗ್ರಹಿಸುವಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳಿ ಎಂಬ ದೀಪ ಮತ್ತೆ ಹತ್ತುತ್ತದೆ.

ಹೀಗಾಗಿ ಗಾಳಿಯಲ್ಲಿರುವ ಹೊತ್ತು ನಲವತ್ತರಿಂದ ನಲವತ್ತೈದು ನಿಮಿಷ. ವೇಳಾಪಟ್ಟಿಯಲ್ಲಿ ಬರೆಯುವುದು ಮಾತ್ರ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವ ತನಕದ ಹೊತ್ತು ಅದು. ರನ್‌ವೇಗೆ ಸರದಿ ಕಾಯುವುದು, ನೆಲದ ಮೇಲೆ ಉರುಳುತ್ತ ಸಾಗುವುದು, ಮಧ್ಯಾಹ್ನದ ಗುಡುಗು ಮಳೆಯಲ್ಲಿ ಆಕಾಶದಲ್ಲೇ ಗಿರಕಿ ಹೊಡೆಯಬೇಕಾದೀತು ಎಂದು ಮೊದಲೇ ಸೇರಿಸಿಟ್ಟ ನಿಮಿಷಗಳು, ಎಲ್ಲವೂ ಅದರಲ್ಲಿವೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಆ ದೂರ ಸುಮಾರು 3,200 ಕಿಲೊಮೀಟರ್, ಇದರ ಹತ್ತು ಪಟ್ಟಿಗೂ ಹೆಚ್ಚು. ಬೇಕಾಗುವ ಹೊತ್ತು ನಾಲ್ಕೂವರೆ ಗಂಟೆ, ನಾಲ್ಕೇ ಪಟ್ಟು. ದೂರ ಕಡಿಮೆಯಾದಂತೆ ವಿಮಾನ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಇಂಧನದ ವಿಚಾರದಲ್ಲೂ ಹಾಗೆಯೇ: ಅತಿ ಹೆಚ್ಚು ಇಂಧನ ಸುಡುವುದು ಮೇಲೇರುವಾಗ. ಏರಿದ ಎತ್ತರದ ಲಾಭ ಪಡೆಯುವ ಮೊದಲೇ ಇಳಿಯಬೇಕಾದ ಹಾರಾಟದಲ್ಲಿ ಪ್ರತಿ ಕಿಲೊಮೀಟರಿನ ಬೆಲೆ ದುಬಾರಿಯಾಗುತ್ತದೆ, ಹೊಗೆಯೂ ಹೆಚ್ಚಾಗುತ್ತದೆ.

ಇನ್ನು ನೆಲದ ಲೆಕ್ಕ. ನಗರದ ಮಧ್ಯದಿಂದ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷ. ರೈಲಿಗೆ ಕಾಯಲು ಹತ್ತು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ 57 ಕಿಲೊಮೀಟರ್. ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಅದನ್ನು 28 ನಿಮಿಷದಲ್ಲಿ ಮುಗಿಸುತ್ತದೆ, ಎರಡನೇ ಟರ್ಮಿನಲ್‌ಗಾದರೆ ಇನ್ನೈದು ನಿಮಿಷ. ಅಂತರರಾಷ್ಟ್ರೀಯ ಪ್ರಯಾಣವಾದ್ದರಿಂದ ಒಂದೂವರೆ ಗಂಟೆ ಮುಂಚೆಯಾದರೂ ಅಲ್ಲಿರಬೇಕು. ಹಾರಾಟಕ್ಕೆ ಎಪ್ಪತ್ತು ನಿಮಿಷ. ಚಾಂಗಿಯಲ್ಲಿ ಇಳಿದು, ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಸಾಮಾನು ತೆಗೆದುಕೊಳ್ಳಲು ಅರ್ಧ ಗಂಟೆ. ಊರೊಳಗೆ ಬರಲು ಟ್ಯಾಕ್ಸಿಯಲ್ಲಿ ಇನ್ನರ್ಧ ಗಂಟೆ. ಒಟ್ಟು ಸುಮಾರು 280 ನಿಮಿಷ, ನಾಲ್ಕು ಗಂಟೆ ನಲವತ್ತು ನಿಮಿಷ. ಎರಡು ನಗರಗಳ ನಡುಭಾಗಗಳ ನಡುವಿನ ನೇರ ದೂರ ಸುಮಾರು 316 ಕಿಲೊಮೀಟರ್. ಭಾಗಿಸಿ ನೋಡಿದರೆ ಗಂಟೆಗೆ 68 ಕಿಲೊಮೀಟರ್ ವೇಗ. ಜೆಟ್ ವಿಮಾನ ಹತ್ತಿದ ಪ್ರಯಾಣಿಕನಿಗೆ ಕೊನೆಗೆ ದಕ್ಕುವುದು ಒಳ್ಳೆಯ ಹೆದ್ದಾರಿಯಲ್ಲಿ ನಿಧಾನವಾಗಿ ಓಡುವ ಬಸ್ಸಿನ ವೇಗ.

ಮಲೇಷ್ಯಾ ಈ ಹೊರೆಯನ್ನು ತಾನಾಗಿಯೇ ಹೊತ್ತುಕೊಂಡದ್ದು 1998ರಲ್ಲಿ. ಅಲ್ಲಿಯವರೆಗೆ ರಾಜಧಾನಿಯ ವಿಮಾನಗಳು ಊರ ಅಂಚಿನ ಸುಬಾಂಗ್‌ನಲ್ಲಿ ಇಳಿಯುತ್ತಿದ್ದವು. ಆ ವರ್ಷದ ಜೂನ್‌ನಲ್ಲಿ ಸೆಪಾಂಗ್‌ನಲ್ಲಿ ಹೊಸ ನಿಲ್ದಾಣ ತೆರೆಯಿತು; ವಿಶಾಲವಾದದ್ದು, ಬೆಳೆಯಲು ಜಾಗವಿರುವುದು, ಊರಿನಿಂದ ದೂರವಾದದ್ದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದಾಗ, ಚೆನ್ನೈಗೆ ಹಾರಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ಜಯನಗರದಿಂದ ನಿಲ್ದಾಣ ಮುಟ್ಟಲು ಬೇಕಾಯಿತು. ದೂರದ ಪ್ರಯಾಣಕ್ಕೆ ಹೊಸ ನಿಲ್ದಾಣ ವರವಾದರೂ ಹತ್ತಿರದ ಪ್ರಯಾಣಕ್ಕೆ ಅದೇ ದಂಡವಾಯಿತು. ವ್ಯತ್ಯಾಸವೆಂದರೆ, ಸೆಪಾಂಗ್‌ಗೆ 2002ರಲ್ಲೇ ರೈಲು ಬಂದಿತು. ದೇವನಹಳ್ಳಿಯ ಮೆಟ್ರೊ ಇನ್ನೂ ಕಾಮಗಾರಿಯಲ್ಲೇ ಇದೆ.

ಸುಬಾಂಗ್ ಈಗ ಮತ್ತೆ ಚರ್ಚೆಗೆ ಬಂದಿದೆ. ಬಹುಕಾಲ ಪ್ರೊಪೆಲ್ಲರ್‌ನ ಸಣ್ಣ ವಿಮಾನಗಳಿಗಷ್ಟೇ ಬಿಟ್ಟಿದ್ದ ಅಲ್ಲಿಗೆ 2024ರ ಆಗಸ್ಟ್‌ನಲ್ಲಿ ಜೆಟ್‌ಗಳು ಮರಳಿದವು. ಮರು ತಿಂಗಳಿನಿಂದ ಸಿಂಗಪುರದ ಸ್ಕೂಟ್ ವಿಮಾನಗಳೂ ಅಲ್ಲಿ ಇಳಿಯಲು ಆರಂಭಿಸಿದವು. ನಕ್ಷೆ ನೋಡಿ: ಚಾಂಗಿಯಿಂದ ಸುಬಾಂಗ್‌ಗೆ ನೇರ ದೂರ ಸುಮಾರು 335 ಕಿಲೊಮೀಟರ್, ಸೆಪಾಂಗ್‌ಗಿಂತ ಸುಮಾರು ನಲವತ್ತು ಕಿಲೊಮೀಟರ್ ಹೆಚ್ಚು. ದೂರ ಹೆಚ್ಚಾದರೆ ಹೊತ್ತೂ ಹೆಚ್ಚಬೇಕು. ಆದರೆ ವಿಮಾನ ನಾಲ್ಕೈದು ನಿಮಿಷ ಹೆಚ್ಚು ಹಾರುತ್ತದೆ, ಪ್ರಯಾಣಿಕ ಅರ್ಧ ಗಂಟೆ ಮುಂಚೆ ಮನೆ ಸೇರುತ್ತಾನೆ. ನಿಲ್ದಾಣ ಚಿಕ್ಕದು, ನಡಿಗೆ ಕಡಿಮೆ, ಊರು ಹತ್ತಿರ. ವಿಮಾನ ದೂರದ ಅಂಕಿಗಳು ಪ್ರಯಾಣದ ಬಗ್ಗೆ ಎಷ್ಟು ಕಡಿಮೆ ಹೇಳುತ್ತವೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಸುಬಾಂಗ್‌ನ ಕೊರತೆಯೂ ನೆಲದ ಮೇಲಿನದೇ: ಕೆಎಲ್ ಸೆಂಟ್ರಲ್‌ನಿಂದ ಅಲ್ಲಿಗಿದ್ದ ರೈಲು ಸೇವೆ 2023ರಲ್ಲಿ ನಿಂತುಹೋಯಿತು. ಸಂಜೆಯ ದಟ್ಟಣೆಯಲ್ಲಿ ಕಾರು ಸಿಕ್ಕಿಹಾಕಿಕೊಂಡರೆ ಉಳಿಸಿದ ಅರ್ಧ ಗಂಟೆ ಅಲ್ಲೇ ಕರಗಿಹೋಗುತ್ತದೆ.

ದೂರವನ್ನು ನಿರ್ಧರಿಸುವಲ್ಲಿ ರಾಜಕೀಯದ ಪಾಲೂ ಸಣ್ಣದಲ್ಲ. ಸಿಂಗಪುರ 1965ರಲ್ಲಿ ಮಲೇಷ್ಯಾದಿಂದ ಬೇರ್ಪಟ್ಟರೂ ಇಬ್ಬರಿಗೂ ಒಂದೇ ವಿಮಾನ ಸಂಸ್ಥೆ ಇತ್ತು. 1972ರಲ್ಲಿ ಅದು ಎರಡಾಯಿತು. ಅಲ್ಲಿಂದ ಮೂರೂವರೆ ದಶಕ ಈ ಮಾರ್ಗ ಹೆಚ್ಚುಕಡಿಮೆ ಆ ಎರಡು ರಾಷ್ಟ್ರೀಯ ಸಂಸ್ಥೆಗಳ ಸೊತ್ತಾಗಿತ್ತು. ಕಡಿಮೆ ದರದ ವಿಮಾನಗಳಿಗೆ ಬಾಗಿಲು ತೆರೆದದ್ದು 2008ರ ಫೆಬ್ರುವರಿ 1ರಂದು. ಬಸ್ಸಿನಲ್ಲಿ ಇಡೀ ದಿನ ಕಳೆಯುತ್ತಿದ್ದ ಸಾವಿರಾರು ಜನ ಅಂದಿನಿಂದ ವಿಮಾನ ಹತ್ತಿದರು. ಈಗ ಗಾಳಿ ಮತ್ತೆ ಕೊಂಚ ದಿಕ್ಕು ಬದಲಿಸಿದೆ. ಸಿಂಗಪುರದ ಕಡಿಮೆ ದರದ ವಿಮಾನ ಸಂಸ್ಥೆ ಜೆಟ್‌ಸ್ಟಾರ್ ಏಷ್ಯಾ 2025ರ ಜುಲೈ 31ಕ್ಕೆ ಬಾಗಿಲು ಮುಚ್ಚಿತು. ಅದೇ ತಿಂಗಳು ಸಿಂಗಪುರದ ಸ್ಪರ್ಧಾ ಆಯೋಗವು ಸಿಂಗಪುರ ಏರ್‌ಲೈನ್ಸ್ ಮತ್ತು ಮಲೇಷ್ಯಾ ಏರ್‌ಲೈನ್ಸ್ ಕೂಡಿ ವ್ಯವಹರಿಸಲು ಷರತ್ತಿನ ಒಪ್ಪಿಗೆ ಕೊಟ್ಟಿತು. ಈ ಮಾರ್ಗದಲ್ಲಿ ಆಸನಗಳನ್ನು ಕಡಿತ ಮಾಡದಂತೆ ನೋಡಿಕೊಳ್ಳುವುದೇ ಆ ಷರತ್ತುಗಳ ತಿರುಳು. ಹಬ್ಬದ ದಿನಗಳಲ್ಲಿ ಊರಿಗೆ ಹೋಗುವ ದುಡಿಯುವ ಜನರ ಮೇಲೆ ದರದ ಬರೆ ಬೀಳದಿರಬೇಕಾದರೆ ಈ ಷರತ್ತುಗಳ ಪಾಲನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ಆಕಾಶದಲ್ಲೂ ಗಡಿ ಇದೆ. 1974ರ ಒಪ್ಪಂದದಂತೆ ದಕ್ಷಿಣ ಜೊಹೊರ್‌ನ ಮೇಲಿನ ವಾಯುಪ್ರದೇಶದಲ್ಲಿ ವಿಮಾನಗಳಿಗೆ ದಾರಿ ತೋರುವವರು ಸಿಂಗಪುರದ ನಿಯಂತ್ರಕರು. 2018ರ ಕೊನೆಯಲ್ಲಿ ಸಿಂಗಪುರವು ತನ್ನ ಪುಟ್ಟ ಸೆಲೆಟಾರ್ ನಿಲ್ದಾಣಕ್ಕೆ ಹೊಸ ಇಳಿದಾಣ ಮಾರ್ಗ ಗೊತ್ತುಮಾಡಿದಾಗ, ಅದರಿಂದ ತನ್ನ ಪಾಸಿರ್ ಗುಡಾಂಗ್ ಪಟ್ಟಣದಲ್ಲಿ ಎತ್ತರದ ಕಟ್ಟಡ ಕಟ್ಟಲಾಗದು ಎಂದು ಮಲೇಷ್ಯಾ ಆಕ್ಷೇಪಿಸಿತು. ಸುಬಾಂಗ್–ಸೆಲೆಟಾರ್ ನಡುವೆ ಓಡುತ್ತಿದ್ದ ಸಣ್ಣ ವಿಮಾನಗಳು ತಿಂಗಳುಗಟ್ಟಲೆ ನಿಂತವು. 2019ರ ಏಪ್ರಿಲ್‌ನಲ್ಲಷ್ಟೇ ಮತ್ತೆ ಆರಂಭವಾದವು. ಇದರ ನಡುವೆಯೂ ಒಂದು ವಿಷಯದಲ್ಲಿ ಈ ನೆರೆಹೊರೆಯವರು ಒಂದಾಗಿದ್ದಾರೆ. ಮಲೇಷ್ಯಾ 1982ರ ಹೊಸ ವರ್ಷಕ್ಕೆ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ಸರಿಸಿಕೊಂಡಾಗ, ವ್ಯಾಪಾರಸ್ಥರಿಗೂ ಪ್ರಯಾಣಿಕರಿಗೂ ತೊಂದರೆಯಾಗಬಾರದೆಂದು ಸಿಂಗಪುರವೂ ಹಾಗೆಯೇ ಮಾಡಿತು. ಅದರಿಂದಾಗಿ ಈ ಪ್ರಯಾಣದಲ್ಲಿ ಗಡಿಯಾರ ತಿರುಗಿಸುವ ಗೊಂದಲವಿಲ್ಲ. ಸೂರ್ಯ ಮಾತ್ರ ಎರಡೂ ಊರುಗಳಲ್ಲಿ ನೆತ್ತಿಗೆ ಬರುವುದು ಮಧ್ಯಾಹ್ನ ಒಂದರ ಆಸುಪಾಸಿಗೆ.

ಹಾಗಾದರೆ ರೈಲು? ನನ್ನ ಮಟ್ಟಿಗೆ ಈ ಇಡೀ ಕಥೆಯ ನೋವಿನ ಭಾಗ ಇದೇ. 2013ರ ಫೆಬ್ರುವರಿಯಲ್ಲಿ ಅಂದಿನ ಪ್ರಧಾನಿಗಳಾದ ನಜೀಬ್ ರಜಾಕ್ ಮತ್ತು ಲೀ ಸಿಯೆನ್ ಲೂಂಗ್ ಎರಡು ನಗರಗಳ ನಡುವೆ ಹೈಸ್ಪೀಡ್ ರೈಲು ಪ್ರಕಟಿಸಿದರು. 2016ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. 350 ಕಿಲೊಮೀಟರ್, ಎಂಟು ನಿಲ್ದಾಣ, 90 ನಿಮಿಷ. ಎಲ್ಲಕ್ಕಿಂತ ಮುಖ್ಯವಾದದ್ದು ತಪಾಸಣೆಯ ವಿಚಾರ: ಎರಡೂ ದೇಶಗಳ ವಲಸೆ ಅಧಿಕಾರಿಗಳು ಹತ್ತುವ ನಿಲ್ದಾಣದಲ್ಲೇ ಒಟ್ಟಿಗೆ ಕೂರುತ್ತಾರೆ, ಇಳಿದವರು ನೇರ ಹೊರನಡೆಯಬಹುದು ಎಂಬ ಏರ್ಪಾಡು ಅದರಲ್ಲಿತ್ತು. 2018ರಲ್ಲಿ ಮಲೇಷ್ಯಾದ ಸರ್ಕಾರ ಬದಲಾಯಿತು, ಯೋಜನೆ ಮುಂದಕ್ಕೆ ಹೋಯಿತು. ಹಳಿ ಮತ್ತು ಗಾಡಿಗಳನ್ನು ನೋಡಿಕೊಳ್ಳಬೇಕಿದ್ದ ಜಂಟಿ ಸಂಸ್ಥೆಯನ್ನು ಕೈಬಿಡಬೇಕೆಂದು ಮಲೇಷ್ಯಾ, ಇರಲೇಬೇಕೆಂದು ಸಿಂಗಪುರ ಪಟ್ಟು ಹಿಡಿದವು. 2020ರ ಡಿಸೆಂಬರ್ 31ಕ್ಕೆ ಒಪ್ಪಂದ ಮುರಿದುಬಿದ್ದಿತು. ಸಿಂಗಪುರ ಅದಾಗಲೇ ಮಾಡಿದ್ದ ಖರ್ಚಿಗೆ ಪರಿಹಾರವಾಗಿ ಮಲೇಷ್ಯಾ 10.28 ಕೋಟಿ ಸಿಂಗಪುರ ಡಾಲರ್ ಕೊಟ್ಟಿತು.

ಆ ರೈಲು ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಬೇಕಿಲ್ಲ, ತೈವಾನ್‌ನತ್ತ ನೋಡಿದರೆ ಸಾಕು. ತೈಪೆಯಿಂದ ಕಾವ್‌ಶಿಯುಂಗ್‌ಗೆ ಸುಮಾರು 340 ಕಿಲೊಮೀಟರ್, ಹೆಚ್ಚುಕಡಿಮೆ ಇದೇ ದೂರ. ಅಲ್ಲಿ 2007ರಲ್ಲಿ ಹೈಸ್ಪೀಡ್ ರೈಲು ಆರಂಭವಾಯಿತು, ವೇಗದ ಗಾಡಿ ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. 2012ರ ಹೊತ್ತಿಗೆ ಆ ಎರಡು ನಗರಗಳ ನಡುವಿನ ವಿಮಾನಗಳು ಪೂರ್ತಿ ನಿಂತುಹೋದವು. ನಿಷೇಧವೇನೂ ಬಂದಿರಲಿಲ್ಲ. ಜನ ಹತ್ತುವುದನ್ನು ಬಿಟ್ಟರು, ಅಷ್ಟೆ. ತೈವಾನ್‌ನಲ್ಲಿ ನಡುವೆ ಗಡಿ ಇರಲಿಲ್ಲ, ಕ್ವಾಲಾಲಂಪುರ–ಸಿಂಗಪುರದ ನಡುವೆ ಇದೆ ಎಂಬ ವಾದಕ್ಕೆ ತೂಕವಿದೆ. ಆದರೆ ಒಂದೇ ಕಡೆ ಎರಡೂ ತಪಾಸಣೆ ಮುಗಿಸುವ ಏರ್ಪಾಡು ಆ ತೊಡಕನ್ನೇ ಬಿಡಿಸಲು ಹುಟ್ಟಿದ್ದು. ಮಲೇಷ್ಯಾ 2023ರಲ್ಲಿ ಖಾಸಗಿಯವರಿಂದ ಮತ್ತೆ ಪ್ರಸ್ತಾವಗಳನ್ನು ಕೇಳಿತು. ಹಣ ಯಾರು ಹಾಕುತ್ತಾರೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಜಗತ್ತಿನ ಅತಿ ದಟ್ಟಣೆಯ ಮಾರ್ಗಗಳಲ್ಲೊಂದರಲ್ಲೇ ಹಣ ಹುಟ್ಟುವುದಿಲ್ಲವೆಂದರೆ ಇನ್ನೆಲ್ಲಿ ಹುಟ್ಟೀತು ಎಂದು ನನಗನ್ನಿಸುತ್ತದೆ.

ಸದ್ಯಕ್ಕೆ ಬರುತ್ತಿರುವ ಬದಲಾವಣೆ ಸಣ್ಣದು, ಆದರೆ ಗಟ್ಟಿಯಾದದ್ದು. ಕ್ವಾಲಾಲಂಪುರದಿಂದ ಜೊಹೊರ್ ಬಾರುವಿಗೆ 2025ರ ಡಿಸೆಂಬರ್‌ನಲ್ಲಿ ವಿದ್ಯುತ್ ರೈಲು ಓಡಲು ಆರಂಭಿಸಿತು. ನಾಲ್ಕೂಕಾಲು ಗಂಟೆಯಿಂದ ನಾಲ್ಕೂವರೆ ಗಂಟೆಯೊಳಗೆ ಅದು ಗಡಿಯೂರನ್ನು ಮುಟ್ಟಿಸುತ್ತದೆ. ಅಲ್ಲಿಂದ ಜಲಸಂಧಿಯ ಆಚೆ ಸಿಂಗಪುರದ ವುಡ್‌ಲ್ಯಾಂಡ್ಸ್. ನಡುವೆ ಇರುವುದು ಒಂದು ಕಿಲೊಮೀಟರಿಗಿಂತ ತುಸು ಉದ್ದದ, 1924ರಲ್ಲಿ ವಿಧ್ಯುಕ್ತವಾಗಿ ತೆರೆದ ಕಾಸ್‌ವೇ ಎಂಬ ಕಲ್ಲಿನ ದಾರಿ. ಹಬ್ಬ, ರಜೆಗಳ ಹೊತ್ತಿನಲ್ಲಿ ಕಾರುಗಳು ಈ ಗಡಿ ದಾಟಲು ಮೂರು ಗಂಟೆ ಕಾಯಬೇಕಾಗುತ್ತದೆ ಎಂದು ಸಿಂಗಪುರದ ಅಧಿಕಾರಿಗಳೇ ಎಚ್ಚರಿಸುತ್ತಾರೆ. ಮುನ್ನೂರು ಕಿಲೊಮೀಟರ್ ಹಾರಾಟಕ್ಕೆ ಮುಕ್ಕಾಲು ಗಂಟೆ, ಒಂದು ಕಿಲೊಮೀಟರ್ ಕಲ್ಲುದಾರಿಗೆ ಮೂರು ಗಂಟೆ! ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಸಿಂಗಪುರದ ಕಾರ್ಖಾನೆಗೋ ಆಸ್ಪತ್ರೆಗೋ ದುಡಿಯಲು ಹೋಗುವ ಮಲೇಷ್ಯನ್ನರ ಬದುಕಿನ ವರ್ಷಗಳು ಈ ಸರದಿಯಲ್ಲಿ ಸವೆದುಹೋಗಿವೆ.

ಈ ಸರದಿಯನ್ನು ತಪ್ಪಿಸಲೆಂದೇ ಆರ್‌ಟಿಎಸ್ ಲಿಂಕ್ ಎಂಬ ರೈಲು ಮಾರ್ಗ ಎದ್ದಿದೆ. ಜೊಹೊರ್ ಬಾರುವಿನ ಬುಕಿಟ್ ಚಗಾರ್‌ನಿಂದ ಸಿಂಗಪುರದ ವುಡ್‌ಲ್ಯಾಂಡ್ಸ್ ನಾರ್ತ್‌ವರೆಗೆ ನಾಲ್ಕು ಕಿಲೊಮೀಟರ್, ಐದಾರು ನಿಮಿಷ. ಗಂಟೆಗೆ ಒಂದೊಂದು ದಿಕ್ಕಿನಲ್ಲಿ ಹತ್ತು ಸಾವಿರ ಜನರನ್ನು ಸಾಗಿಸುವ ಸಾಮರ್ಥ್ಯ. 2026ರ ಕೊನೆ ಅಥವಾ 2027ರ ಜನವರಿಯ ಹೊತ್ತಿಗೆ ಆರಂಭಿಸುವುದು ಎರಡೂ ಸರ್ಕಾರಗಳ ಗುರಿ. ಹೈಸ್ಪೀಡ್ ರೈಲಿನೊಂದಿಗೆ ಸತ್ತುಹೋಯಿತು ಎಂದುಕೊಂಡಿದ್ದ ಏರ್ಪಾಡು, ಹತ್ತುವಲ್ಲೇ ಎರಡೂ ದೇಶಗಳ ತಪಾಸಣೆ, ಇಲ್ಲಿ ಜೀವ ಪಡೆಯುತ್ತಿದೆ. ವಿದ್ಯುತ್ ರೈಲು, ಅದರ ಹಿಂದೆ ಈ ಪುಟ್ಟ ರೈಲು, ಅದರಾಚೆ ಸಿಂಗಪುರದ ಮೆಟ್ರೊ. ಮೂರನ್ನೂ ಜೋಡಿಸಿದರೆ ಕ್ವಾಲಾಲಂಪುರದ ನಡುವಿನಿಂದ ಸಿಂಗಪುರದ ನಡುವಿಗೆ ಆರು ಗಂಟೆಯ ಆಸುಪಾಸು. ವಿಮಾನಕ್ಕಿಂತ ಒಂದು ಗಂಟೆಗೂ ಹೆಚ್ಚು ತಡವೇನೋ ನಿಜ. ಆದರೆ ಆರರಲ್ಲಿ ನಾಲ್ಕು ಗಂಟೆ ಒಂದೇ ಸೀಟಿನಲ್ಲಿ ಕೂತು ಓದಬಹುದು, ನಿದ್ದೆ ಮಾಡಬಹುದು. ವಿಮಾನದ ನಾಲ್ಕೂವರೆ ಗಂಟೆ ಹತ್ತು ತುಂಡುಗಳಾಗಿ ಒಡೆದಿರುತ್ತದೆ; ಯಾವ ತುಂಡೂ ನಮ್ಮದಾಗಿರುವುದಿಲ್ಲ.

ಕರ್ನಾಟಕದಿಂದ ‘ಸಿಂಗಪುರ–ಮಲೇಷ್ಯಾ’ ಪ್ಯಾಕೇಜ್‌ನಲ್ಲಿ ಹೋಗುವ ಕುಟುಂಬಗಳು ಕೇಳಿದರೆ ನಾನು ಹೇಳುವುದು ಇಷ್ಟು. ಎರಡು ಊರುಗಳ ನಡುವಿನ ದಿನವನ್ನು ಅರ್ಧ ದಿನ ಎಂದೇ ಬರೆದುಕೊಳ್ಳಿ, ಅಂದು ಮಧ್ಯಾಹ್ನಕ್ಕೆ ಯಾವ ಟಿಕೆಟ್ಟನ್ನೂ ಮೊದಲೇ ಕೊಳ್ಳಬೇಡಿ. ಭಾರತೀಯ ಪಾಸ್‌ಪೋರ್ಟ್‌ಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ ವೀಸಾ ವಿನಾಯಿತಿ ಕೊಟ್ಟಿದೆ, ಸಿಂಗಪುರಕ್ಕೆ ವೀಸಾ ಬೇಕೇ ಬೇಕು. ಎರಡೂ ದೇಶಗಳಿಗೆ ಆಗಮನದ ಕಾರ್ಡನ್ನು ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಿರಬೇಕು. ಕೌಂಟರ್ ಮುಂದೆ ನಿಂತು ಮೊಬೈಲ್‌ನಲ್ಲಿ ಅದನ್ನು ತುಂಬಲು ಹೊರಟವರು ಹಾರಾಟದ ಮುಕ್ಕಾಲು ಗಂಟೆಯಷ್ಟನ್ನು ಅಲ್ಲೇ ಕಳೆಯುತ್ತಾರೆ. ಮೆಲಾಕ ನೋಡುವ ಆಸೆಯಿದ್ದರೆ ವಿಮಾನ ಬೇಡ, ಬಸ್ಸೇ ಸರಿ. ಊರು ದಾರಿಯಲ್ಲೇ ಸಿಗುತ್ತದೆ. ವಯಸ್ಸಾದ ತಂದೆತಾಯಿ ಜೊತೆಗಿದ್ದು, ಉಳಿದುಕೊಂಡಿರುವುದು ಕ್ವಾಲಾಲಂಪುರದ ಪಶ್ಚಿಮ ಭಾಗದಲ್ಲಾದರೆ, ಟಿಕೆಟ್ ಕಾಯ್ದಿರಿಸುವಾಗ ಸುಬಾಂಗ್‌ನಿಂದ ಹೊರಡುವ ವಿಮಾನವಿದೆಯೇ ಎಂದು ಒಮ್ಮೆ ನೋಡಿ. ನಲವತ್ತು ಕಿಲೊಮೀಟರ್ ಹೆಚ್ಚು ಹಾರುತ್ತೀರಿ, ಅವರು ಅರ್ಧ ಕಿಲೊಮೀಟರ್ ಕಡಿಮೆ ನಡೆಯುತ್ತಾರೆ.